ಎಲ್ಲರ ಹಬ್ಬಕ್ಕೂ ಸಾಮಾನು ಇಡುವುದು ಹೇಗೆ: ಸಿಂಧನೂರಿನ ಕಿರಾಣಿ ಅಂಗಡಿಯಿಂದ

ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಹೊಸದಾಗಿ ಕಿರಾಣಿ ಅಂಗಡಿ ಇಡುವವರು ನನ್ನನ್ನು ಕೇಳಿದರೆ, ತಕ್ಕಡಿಗಿಂತ ಮೊದಲು ಕ್ಯಾಲೆಂಡರ್ ತನ್ನಿ ಅನ್ನುತ್ತೇನೆ. ಅದೂ ಎರಡು. ಒಂದು ತಿಥಿ, ನಕ್ಷತ್ರ, ಅಮಾಸಿ, ಹುಣ್ಣಿಮೆ ಇರುವ ನಮ್ಮ ಮಾಮೂಲಿ ಕ್ಯಾಲೆಂಡರ್. ಇನ್ನೊಂದು ಹಿಜರಿ ತಿಂಗಳು ಅಚ್ಚಾಗಿರುವ ಉರ್ದು ಕ್ಯಾಲೆಂಡರ್. ಉರ್ದು ಓದಲು ಬಾರದಿದ್ದರೆ ಪಕ್ಕದ ಅಂಗಡಿಯ ಭಾಯ್ ಹತ್ತಿರ ಕೇಳಿ ತಿಂಗಳ ಹೆಸರುಗಳನ್ನು ಪೆನ್ನಿನಿಂದ ಕನ್ನಡದಲ್ಲಿ ಬರೆದುಕೊಳ್ಳಿ. ನನ್ನ ಗಲ್ಲೆಯ ಹಿಂದಿನ ಗೋಡೆಯ ಮೇಲೆ ಎರಡೂ ಜೋಡಿಯಾಗಿ ತೂಗುತ್ತಿರುತ್ತವೆ. ಅವನ್ನು ನೋಡದೆ ನಾನು ಒಂದು ಬೆಲ್ಲದ ಪೆಂಟೆಯನ್ನೂ ತರಿಸುವುದಿಲ್ಲ.

ಎರಡು ಯಾಕೆ ಅಂದರೆ, ನಮ್ಮ ಗಿರಾಕಿಗಳು ಒಂದೇ ಪಂಚಾಂಗದವರಲ್ಲ. ತುಂಗಭದ್ರಾ ಡ್ಯಾಂ 1953ರಲ್ಲಿ ಆಗಿ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಲಿ ಕುಟುಂಬಗಳು ನಮ್ಮ ತಾಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದವು. ಸುತ್ತ ಲಂಬಾಣಿ ತಾಂಡಾಗಳಿವೆ. ಲಿಂಗಾಯತರು, ಕುರುಬರು, ನಾಯಕರು, ದಲಿತರು, ಮುಸಲ್ಮಾನರು, ದಾಸರ ಪದ ಹಾಡುವ ಮಾಧ್ವ ಮನೆಯವರು, ಮಾರ್ವಾಡಿ ಜೈನರು, ಕ್ರೈಸ್ತರು, ಎಲ್ಲರೂ ಒಂದೇ ಸಂತೆಗೆ ಬರುತ್ತಾರೆ. ಇಷ್ಟು ಜನರ ಮನೆಯ ಹಬ್ಬಕ್ಕೆ ಬೇಕಾದದ್ದು ಬೇಕಾದ ದಿನ ಅಂಗಡಿಯಲ್ಲಿ ಇರಬೇಕು. "ಇಲ್ರೀ, ನಮ್ಮಲ್ಲಿ ಅದು ಸಿಗೂದಿಲ್ಲ" ಅಂತ ಯಾರನ್ನೂ ಬರಿಗೈಲಿ ಕಳಿಸಬಾರದು ಎಂಬುದು ನಮ್ಮ ಅತ್ತಿಯವರು ನನಗೆ ಅಂಗಡಿ ಒಪ್ಪಿಸುವಾಗ ಹೇಳಿದ ಮಾತು. ಅದನ್ನು ಇವತ್ತಿಗೂ ನಂಬಿದ್ದೇನೆ.

ಎರಡು ಕ್ಯಾಲೆಂಡರ್ ಓದುವ ಬಗೆ

ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಚಾಂದ್ರಮಾನದ ಹನ್ನೆರಡು ತಿಂಗಳು ಕೂಡಿಸಿದರೂ ಅಷ್ಟೇ ದಿನ. ಆದರೆ ನಮ್ಮದರಲ್ಲಿ ಸುಮಾರು 32-33 ತಿಂಗಳಿಗೊಮ್ಮೆ ಅಧಿಕಮಾಸ ಸೇರುವುದರಿಂದ ಯುಗಾದಿ ಬೇಸಿಗೆ ದಾಟಿ ಹೋಗುವುದಿಲ್ಲ, ಪಂಚಮಿ ಮಳೆಗಾಲ ಬಿಡುವುದಿಲ್ಲ. ಹಿಜರಿಯಲ್ಲಿ ಅಧಿಕಮಾಸ ಇಲ್ಲ. ಅದಕ್ಕೇ ರಂಜಾನ್, ಬಕ್ರೀದ್, ಮೊಹರಂ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಹೋದ ವರ್ಷದ ತಾರೀಖು ನೋಡಿ ಖರ್ಜೂರ ತರಿಸಿದರೆ ಕೆಟ್ಟಿರಿ.

ಎರಡೂ ಚಂದ್ರನನ್ನೇ ನಂಬಿದ ಲೆಕ್ಕವಾದ್ದರಿಂದ ಕೆಲವು ವರ್ಷ ಹಬ್ಬಗಳು ಮೈಗೆ ಮೈ ತಾಗಿಸಿಕೊಂಡು ಬರುತ್ತವೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ರಂಜಾನ್ ಹಬ್ಬ 11ಕ್ಕೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ರಂಜಾನ್. ಇಂಥ ವರ್ಷ ಶಾವಿಗೆಯ ಲೆಕ್ಕ ಸರಿಯಾಗಿ ಹಾಕಬೇಕು. ಯುಗಾದಿಗೆ ಬಸಿದು ಹಾಲು-ಬೆಲ್ಲ ಕೂಡಿಸಿ ಉಣ್ಣಲು ಬೇಕಾದದ್ದು ದಪ್ಪ ಗೋಧಿ ಶಾವಿಗೆ. ರಂಜಾನ್ ಹಬ್ಬದ ಶೀರ್ ಖುರ್ಮಾಕ್ಕೆ ಬೇಕಾದದ್ದು ಕೂದಲಿನಷ್ಟು ಸಣ್ಣ ಎಳೆಯದು, ಹುರಿದದ್ದಾದರೆ ಇನ್ನೂ ಒಳ್ಳೆಯದು. ಎರಡನ್ನೂ ಬೇರೆ ಬೇರೆ ತರಿಸಿ, ಬೇರೆ ಡಬ್ಬಿಯಲ್ಲಿಡಿ. ಉತ್ತತ್ತಿ, ಗೋಡಂಬಿ, ಚಾರೋಳಿ, ಗಸಗಸೆ ಮಾತ್ರ ಇಬ್ಬರಿಗೂ ಬೇಕು. ನಮ್ಮ ಕಡೆ ಯುಗಾದಿಯ ಬೇವು ಅಂದರೆ ಪುಟಾಣಿ ಹಿಟ್ಟು, ಬೆಲ್ಲ, ಬೇವಿನ ಹೂವು, ಮಾವಿನಕಾಯಿ ಜೊತೆ ಇವೆಲ್ಲ ಹಾಕಿ ಮಾಡಿದ ಪಾನಕ. ಹೀಗಾಗಿ ಈ ನಾಲ್ಕನ್ನು ದುಪ್ಪಟ್ಟು ತರಿಸಬೇಕು. ಕ್ಯಾಂಪಿನ ತೆಲುಗರ ಯುಗಾದಿ ಪಚ್ಚಡಿಗೆ ಹೊಸ ಹುಣಸೆಹಣ್ಣು ಬೇಕು, ಹಳೆಯ ಕಪ್ಪು ಹುಣಸೆ ಕೊಟ್ಟರೆ ಮರಳಿ ತಂದುಕೊಡುತ್ತಾರೆ.

2026ರಲ್ಲಿ ಅಧಿಕ ಜ್ಯೇಷ್ಠ ಬಿದ್ದ ಮೇಲೆ ಈ ಜೋಡಿ ಬಿಡುತ್ತದೆ. 2027ರಲ್ಲಿ ಯುಗಾದಿ ಏಪ್ರಿಲ್‌ಗೆ ಹೋಗುತ್ತದೆ, ರಂಜಾನ್ ಹಬ್ಬ ಮಾರ್ಚ್ ಮೊದಲ ಹದಿನೈದು ದಿನದಲ್ಲೇ ಮುಗಿದಿರುತ್ತದೆ. ಆಗ ಎರಡು ಸಲ ಬಂಡವಾಳ ಹೂಡಬೇಕು, ಈಗಲೇ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು: ರಂಜಾನ್ ಹಬ್ಬದ ದಿನ ಚಂದ್ರ ಕಂಡ ಮೇಲೆಯೇ ಗಟ್ಟಿ. ಇಪ್ಪತ್ತೊಂಬತ್ತನೇ ರೋಜಾದ ಸಂಜೆ ಅಂಗಡಿ ಬೇಗ ಮುಚ್ಚಬೇಡಿ. ಚಂದ್ರ ಕಂಡಿತು ಅಂತ ಸುದ್ದಿ ಬಂದ ಗಳಿಗೆಯಿಂದ ಶಾವಿಗೆ, ಅತ್ತರು, ಸುರುಮಾ, ಮೆಹಂದಿಗೆ ಜನ ಬರುತ್ತಲೇ ಇರುತ್ತಾರೆ.

ಮುಖ ನೋಡಿ ಸಾಮಾನು ಕಟ್ಟಬೇಡಿ

ಹೊಸಬರು ಕಲಿಯಬೇಕಾದ ದೊಡ್ಡ ಪಾಠ ಇದು. ಹಣೆಯ ಮೇಲಿನ ವಿಭೂತಿ ನೋಡಿ, ತಲೆಯ ಮೇಲಿನ ಟೊಪ್ಪಿಗೆ ನೋಡಿ, ಇವರಿಗೆ ಇಂಥದ್ದೇ ಬೇಕು ಅಂತ ಊಹಿಸಿದರೆ ಮೊಹರಂ ಹತ್ತು ದಿನದಲ್ಲೇ ನಿಮ್ಮ ಊಹೆಯೆಲ್ಲ ಸುಳ್ಳಾಗುತ್ತದೆ. ನಮ್ಮ ರಾಯಚೂರು-ಕೊಪ್ಪಳ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ದೇವರನ್ನು, ಅಂದರೆ ಮೊಹರಂ ಪಂಜಾಗಳನ್ನು, ಕೂರಿಸುವವರಲ್ಲಿ, ಹರಕೆ ಹೊರುವವರಲ್ಲಿ, ಹೆಜ್ಜೆ ಹಾಕುವವರಲ್ಲಿ ಹೆಚ್ಚಿನವರು ಹಿಂದೂಗಳೇ. ಒಂದೂ ಮುಸಲ್ಮಾನರ ಮನೆ ಇಲ್ಲದ ಊರಲ್ಲೂ ಪೀರಲ ದೇವರ ಮಸೂತಿ ಇರುತ್ತದೆ. ಆಗ ಪಕ್ಕದ ಊರಿನ ಮುಲ್ಲಾ ಬಂದು ಓದಿಕೆ ಮಾಡಿಕೊಡುತ್ತಾರೆ. ಲಿಂಗಸುಗೂರು ತಾಲೂಕಿನ ಮುದಗಲ್ ಮೊಹರಂಗಂತೂ ಎಲ್ಲೆಲ್ಲಿಂದಲೋ ಜನ ಸೇರುತ್ತಾರೆ. ಇದೇ ಮುದಗಲ್ಲಿನಲ್ಲಿ ಹಳೆಯ ಕೆಥೊಲಿಕ್ ಚರ್ಚೂ ಇದೆ.

"ಮೌಲಾಲಿ ದೇವ್ರಿಗೆ ಸಕ್ರಿ ಓದಸಬೇಕವ್ವಾ. ಎಲ್ಡ್ ಕೆ.ಜಿ. ಕಟ್ಟು, ಊದು ಹಸನಾದದ್ದು ಕೊಡು" ಅಂತ ಇಳಕಲ್ ಸೀರೆ ಉಟ್ಟ ಅಜ್ಜಿ ಕೇಳುತ್ತಾಳೆ. ನೀವು ಮರುಪ್ರಶ್ನೆ ಕೇಳುವುದಾದರೆ ಒಂದೇ ಕೇಳಿ: "ಯಾ ದೇವ್ರಿಗೆ ಬೇ, ಎಷ್ಟನೇ ದಿನಕ್ಕ?" ಹಸನ್-ಹುಸೇನ್, ಕಾಸಿಂ, ಬೀಬಿ ಫಾತಿಮಾ, ಮೌಲಾಲಿ ಅಂತ ಒಬ್ಬೊಬ್ಬರ ಹರಕೆ ಒಂದೊಂದು ದೇವರಿಗೆ ಇರುತ್ತದೆ. ಐದನೇ ದಿನ, ಏಳನೇ ದಿನ, ಹತ್ತನೇ ದಿನಕ್ಕೆ ಮೊದಲಿನ ಖತಲ್ ರಾತ್ರಿ ಅಂತ ದಿನವೂ ಬೇರೆ.

ಮೊಹರಂ ಚಂದ್ರ ಕಾಣುವ ಮೊದಲೇ ಅಂಗಡಿಯಲ್ಲಿ ಇರಬೇಕಾದವು: ಸಕ್ಕರೆ, ಬೆಲ್ಲ, ಗೋಧಿ ಹಿಟ್ಟು, ಗಸಗಸೆ, ಪುಟಾಣಿ, ಏಲಕ್ಕಿ, ಊದು, ಊದಿನಕಡ್ಡಿ, ಫಕೀರರಾಗುವವರು ಕೊರಳಿಗೆ ಹಾಕಿಕೊಳ್ಳುವ ಕೆಂಪು ಲಾಡಿ, ದೇವರಿಗೆ ಏರಿಸುವ ಹಸಿರು-ಕೆಂಪು ದಟ್ಟಿ. ಮಕ್ಕಳು ಹುಟ್ಟಲೆಂದು, ಹುಟ್ಟಿದ ಮಗು ಉಳಿಯಲೆಂದು ಹರಕೆ ಹೊತ್ತವರು ಎಳೆ ಕೂಸಿಗೂ ಫಕೀರನ ಲಾಡಿ ಹಾಕಿಸುತ್ತಾರೆ. ಆದ್ದರಿಂದ ಲಾಡಿ ಸಣ್ಣ ಅಳತೆಯಲ್ಲೂ ಇಡಿ. ಚೊಂಗೆಗೆ ಹಿಟ್ಟು ಒಯ್ಯುವವರಿಗೆ ಹಳೆಯ ಹಿಟ್ಟು ಕೊಡಬೇಡಿ. ಚೊಂಗೆಯ ಮಣೆಯ ಮೇಲೆ ಒತ್ತಿದಾಗ ಅಚ್ಚು ಹಸನಾಗಿ ಮೂಡಬೇಕು, ಕರಿದ ಮೇಲೆ ಅದರ ಮೇಲೆ ಬೆಲ್ಲ-ಗಸಗಸೆ ನಿಲ್ಲಬೇಕು. ಬೆಂಕಿ ಹಾಕುವ ಅಲಾಯಿ ಕುಣಿಗೆ ಉಪ್ಪು ಹಾಕುವ ಹರಕೆಯೂ ಉಂಟು, ಕಲ್ಲುಪ್ಪು ಮರೆಯಬೇಡಿ.

ಮೊಹರಂ ಮತ್ತು ಪಂಚಮಿ ಕೂಡಿ ಬಂದರೆ ಬೆಲ್ಲಕ್ಕೆ ಬರ ಬರುತ್ತದೆ. 2022ರಲ್ಲಿ ನಾಗರಪಂಚಮಿ ಆಗಸ್ಟ್ 2ಕ್ಕೆ ಇತ್ತು, ಮೊಹರಂ ಹತ್ತನೇ ದಿನ ಆಗಸ್ಟ್ 9ಕ್ಕೆ. ಒಂದೇ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟೂ ಆಗಬೇಕು, ಚೊಂಗೆಯೂ ಆಗಬೇಕು. ಈಗ ಮೊಹರಂ ಜೂನ್-ಜುಲೈಗೆ ಸರಿದಿದೆ, ಪಂಚಮಿಗೆ ಮತ್ತೆ ಬೇರೆಯಾಗಿಯೇ ಬೆಲ್ಲ, ಜೋಳದ ಅರಳು, ಒಣಕೊಬ್ಬರಿ ತರಿಸಬೇಕು. ಜೋಕಾಲಿ ಹಗ್ಗ, ಹುಡುಗರು ಆಡುವ ಕೊಬ್ಬರಿ ಬಟ್ಟಲಿಗೆ ದಾರ, ಇವನ್ನು ಅಂಗಡಿ ಬಾಗಿಲಲ್ಲೇ ತೂಗುಹಾಕಿ.

ಮೊಳೆಯುವ ಗೋಧಿ

ಶ್ರಾವಣದಲ್ಲಿ ತಾಂಡಾದ ಹೆಣ್ಣುಮಕ್ಕಳು ತೀಜ್‌ಗೆ ಗೋಧಿ ಕೇಳುತ್ತಾರೆ. ಮದುವೆಯಾಗದ ಹುಡುಗಿಯರು ಪುಟ್ಟ ಬುಟ್ಟಿಯಲ್ಲಿ ಮಣ್ಣು-ಗೊಬ್ಬರ ತುಂಬಿ ಗೋಧಿ ಬಿತ್ತಿ, ಹಾಡು ಹೇಳುತ್ತ ನೀರು ಹಾಕಿ ಒಂಬತ್ತು ದಿನ ಸಸಿ ಬೆಳೆಸುವ ಹಬ್ಬ ಅದು. ಸಸಿ ಹುಲುಸಾಗಿ ಬಂದರೆ ಅವರಿಗೆ ಸಂತೋಷ, ಬರದಿದ್ದರೆ ಮನಸ್ಸು ಮುದುಡುತ್ತದೆ. ಬರೀ ಹಿಟ್ಟಿಗೆಂದು ಕೂಡಿಟ್ಟ ಹಳೆಯ ಗೋಧಿ ಸರಿಯಾಗಿ ಮೊಳೆಯುವುದಿಲ್ಲ. ಚೀಲ ಒಡೆದ ದಿನವೇ ಒಂದು ಹಿಡಿ ಗೋಧಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಎರಡು-ಮೂರು ದಿನದಲ್ಲಿ ಮೊಳಕೆ ಕಂಡ ಚೀಲದ ಮೇಲೆ ಗುರುತು ಹಾಕಿ ಎತ್ತಿಡಿ. ನವರಾತ್ರಿಯಲ್ಲಿ ಘಟ ಹಾಕುವ ಮನೆಯವರಿಗೂ ಇದೇ ಚೀಲದಿಂದ ಕೊಡಿ. ಅವರೂ ಘಟದ ಬುಡದ ಮಣ್ಣಿನಲ್ಲಿ ಧಾನ್ಯ ಬಿತ್ತಿ ಒಂಬತ್ತು ದಿನ ಕಾಯುವವರೇ.

ಅದೇ ತಿಂಗಳು ಹುಣ್ಣಿಮೆಗೆ ಮೊದಲಿನ ಶುಕ್ರವಾರ ಕ್ಯಾಂಪಿನ ತೆಲುಗು ಮನೆಗಳಲ್ಲಿ ವರಲಕ್ಷ್ಮಿ. ಅರಿಷಿಣ ಕೊನೆ, ತೋರ ಕಟ್ಟಲು ಬಿಳಿ ದಾರ, ಕಲಶಕ್ಕೆ ಜುಟ್ಟಿರುವ ತೆಂಗಿನಕಾಯಿ, ಖಣ. ಜುಟ್ಟು ಕಿತ್ತ ಕಾಯಿ ಕೊಟ್ಟು ಕಳಿಸಬೇಡಿ.

ನವರಾತ್ರಿಯಿಂದ ದೀಪಾವಳಿ: ವರ್ಷದ ದೊಡ್ಡ ಪರೀಕ್ಷೆ

ಇಲ್ಲಿ ಮಾತ್ರ ನಾನು ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಒಂದೇ ತಿಥಿಗೆ ಪಕ್ಕಪಕ್ಕದ ಮನೆಗಳಲ್ಲಿ ಬೇರೆಬೇರೆ ಪೂಜೆ ನಡೆಯುವ ತಿಂಗಳು ಇದು. ಊರ ಗುಡಿಗಳಲ್ಲಿ, ಮಠಗಳಲ್ಲಿ ಒಂಬತ್ತು ದಿನ ಚಿದಾನಂದಾವಧೂತರ ದೇವಿ ಪುರಾಣ ಓದುತ್ತಾರೆ. ಆ ಅವಧೂತರು ನೆಲೆಸಿದ್ದ ಸಿದ್ಧಪರ್ವತ ಅಂಬಾಮಠ ನಮ್ಮ ತಾಲೂಕಿನಲ್ಲೇ ಇದೆ. ಪುರಾಣಕ್ಕೆ ಕರ್ಪೂರ, ಎಣ್ಣೆ, ಬತ್ತಿ, ಉಡಿ ತುಂಬುವ ಸಾಮಾನು ಬೇಕು. ಉಡಿ ಅಂದರೆ ಖಣ, ಹಸಿರು ಬಳೆ, ಅಕ್ಕಿ ಅಥವಾ ಗೋಧಿ, ಉತ್ತತ್ತಿ, ಅಡಿಕೆ, ಅರಿಷಿಣ ಕೊನೆ, ಕೊಬ್ಬರಿ ಬಟ್ಟಲು. ಇದನ್ನು ಮೊದಲೇ ಗಂಟು ಕಟ್ಟಿಟ್ಟರೆ ಹುಲಿಗೆಮ್ಮನಿಗೆ ಹೋಗುವವರೂ ಹುಣ್ಣಿಮೆ ಹುಣ್ಣಿಮೆಗೆ ಒಯ್ಯುತ್ತಾರೆ.

ಷಷ್ಠಿಯಿಂದ ದಶಮಿವರೆಗೆ ಆರ್.ಎಚ್. ಕ್ಯಾಂಪಿನಲ್ಲಿ ದುರ್ಗಾಪೂಜೆ. ಅವರಿಗೆ ಧುನೋ ಬೇಕು: ಮಣ್ಣಿನ ಧೂಪಾರತಿಯಲ್ಲಿ ತೆಂಗಿನ ನಾರಿನ ಕೆಂಡದ ಮೇಲೆ ರಾಳದ ಪುಡಿ ಹಾಕಿ ಹೊಗೆ ಎಬ್ಬಿಸುತ್ತಾರೆ, ಅದನ್ನು ಕೈಯಲ್ಲಿ ಹಿಡಿದೇ ಕುಣಿಯುತ್ತಾರೆ. "ಅಕ್ಕಾ, ಧುನೋ ಐತೇನ್ರಿ?" ಅಂತ ಕೇಳಿದರೆ ದರ್ಗಾದ ಊದು ಕೊಟ್ಟು ಕಳಿಸಬೇಡಿ, ಅವರ ಹೊಗೆಯ ವಾಸನೆ ಬೇರೆ. ಅಷ್ಟಮಿ-ನವಮಿ ಕೂಡುವ ಹೊತ್ತಿನ ಸಂಧಿಪೂಜೆಗೆ 108 ದೀಪ ಹಚ್ಚುತ್ತಾರೆ. ಕುಂಬಾರರಿಗೆ ದೀಪಾವಳಿ ಹಣತಿ ಹೇಳುವಾಗಲೇ ಈ ಹಣತಿಗಳನ್ನೂ ಸೇರಿಸಿ ಹೇಳಿ, ಆದರೆ ದಸರೆಗೆ ಮೊದಲೇ ಬೇಕೆಂದು ಒತ್ತಿ ಹೇಳಿ. ಭೋಗದ ಖಿಚಡಿಗೆ ಹೆಸರುಬೇಳೆ, ಸಾಸಿವೆ ಎಣ್ಣೆ, ಪಾಂಚ್ ಫೋರನ್ ಅನ್ನುವ ಐದು ಕಾಳಿನ ಒಗ್ಗರಣೆಗೆ ಕಲೌಂಜಿ, ಇವು ವರ್ಷವಿಡೀ ನಡೆಯುವ ಸಾಮಾನು. ಮದುವೆಯಾದ ಬಂಗಾಲಿ ಹೆಣ್ಣುಮಕ್ಕಳ ಶಂಖದ ಬಳೆ ಮಾತ್ರ ನಾನು ಇಡುವುದಿಲ್ಲ. ಕೈಯ ಅಳತೆ ನೋಡಿ ತೊಡಿಸುವ ಕೆಲಸ ಅದು, ಕ್ಯಾಂಪಿನ ಅಂಗಡಿಯವರಿಗೆ ಅದರ ಅರಿವಿದೆ, ಆ ವ್ಯಾಪಾರ ಅವರದೇ ಇರಲಿ.

ದಶಮಿ ಆಗಿ ಐದು ದಿನಕ್ಕೆ ಸೀಗಿ ಹುಣ್ಣಿಮೆ. ನಮ್ಮ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮ್ತಾಯಿಗೆ ಉಡಿ ತುಂಬಿ ಚರಗ ಚೆಲ್ಲುತ್ತಾರೆ. ಅದೇ ಹುಣ್ಣಿಮೆಯ ರಾತ್ರಿ ಬಂಗಾಲಿ ಮನೆಗಳಲ್ಲಿ ಲಕ್ಷ್ಮೀಪೂಜೆ. ಅಲ್ಲಿ ಅಕ್ಕಿಹಿಟ್ಟಿನ ನೀರಿನಲ್ಲಿ ಲಕ್ಷ್ಮಿಯ ಹೆಜ್ಜೆ ಬರೆಯುತ್ತಾರೆ. ಇತ್ತ ನಮ್ಮ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ ಆಗುವುದು ದೀಪಾವಳಿ ಅಮಾಸಿಗೆ, ಅವತ್ತು ರಾತ್ರಿ ಅವರಲ್ಲಿ ಕಾಳಿಪೂಜೆ. ತಾಂಡಾದಲ್ಲಿ ಅದೇ ಅಮಾಸಿಗೆ ಹುಡುಗಿಯರು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುತ್ತಾರೆ. ನಿಮ್ಮ ಅಂಗಡಿಯ ಪೂಜೆಯನ್ನು ಸಂಜೆ ಬೇಗ ಮುಗಿಸಿ ಬಾಗಿಲು ತೆರೆದಿಡಿ. ಕಾಳಿಪೂಜೆ ನಡುರಾತ್ರಿಯದು, ಕೊನೆ ಗಳಿಗೆಯಲ್ಲಿ ಬತ್ತಿ, ಎಣ್ಣೆ ಕೇಳಿ ಬಂದೇ ಬರುತ್ತಾರೆ.

ಚಳಿಗಾಲದ ಒಂದು ಹಣ್ಣಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾರಿಹಣ್ಣು ತೆಲುಗರಿಗೆ ಭೋಗಿಯ ದಿನ ಬೇಕು, ಚಿಕ್ಕ ಮಕ್ಕಳ ತಲೆಯ ಮೇಲೆ ಸುರಿಯುತ್ತಾರೆ. ಬಂಗಾಲಿ ಮಕ್ಕಳು ಅದೇ ಹಣ್ಣನ್ನು ಮಾಘದ ಪಂಚಮಿಗೆ ಸರಸ್ವತಿ ಪೂಜೆ ಆಗುವವರೆಗೆ ಬಾಯಿಗೆ ಹಾಕುವುದಿಲ್ಲ. ಆ ಮಕ್ಕಳ ಕೈಗೆ ಪ್ರೀತಿಯಿಂದಲೂ ಮೊದಲೇ ಬಾರಿಹಣ್ಣು ಕೊಡಬೇಡಿ.

ಬೇಡ ಅನ್ನುವವರ ಪಟ್ಟಿ

ಹಬ್ಬ ಅಂದರೆ ಏನು ಬೇಕು ಅನ್ನುವುದಷ್ಟೇ ಅಲ್ಲ, ಏನು ಬೇಡ ಅನ್ನುವುದೂ ಹೌದು. ಮಾಧ್ವ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ಮೊದಲ ತಿಂಗಳು ಕಾಳುಮೆಣಸು, ಜೀರಿಗೆ, ಹೆಸರುಬೇಳೆ ಚೆನ್ನಾಗಿ ಹೋಗುತ್ತವೆ. ನಾಲ್ಕನೇ ತಿಂಗಳು ಆ ಮನೆಯವರ ಮಾಮೂಲಿ ಚೀಟಿಯಲ್ಲಿ ತೊಗರಿಬೇಳೆ ಇರುವುದಿಲ್ಲ, ಹಳೆಯ ಅಭ್ಯಾಸದಲ್ಲಿ ಕಟ್ಟಿಬಿಡಬೇಡಿ. ಜೈನರಿಗೆ ಚಾತುರ್ಮಾಸದಲ್ಲಿ, ಅದರಲ್ಲೂ ಪರ್ಯುಷಣದಲ್ಲಿ ಕಟ್ಟುನಿಟ್ಟು ಹೆಚ್ಚು. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು, ಮಧ್ಯಾಹ್ನದೊಳಗೆ ಸಾಮಾನು ಮನೆ ಮುಟ್ಟಿಸಿ. ಅಕ್ಷತೆಗೆ ಮುರಿಯದ ಅಕ್ಕಿಯನ್ನೇ ಕೊಡಿ. ಕ್ರೈಸ್ತರು ಈಸ್ಟರ್‌ಗೆ ಮೊದಲಿನ ನಲವತ್ತು ದಿನ ಮದುವೆ, ಸಡಗರ ಇಟ್ಟುಕೊಳ್ಳುವುದಿಲ್ಲ. ಡಿಸೆಂಬರ್ ಬಂದರೆ ನಕ್ಷತ್ರ, ಮೇಣದಬತ್ತಿ, ಕರ್ಜಿಕಾಯಿಗೆ ಮೈದಾ-ರವೆ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ವೈಶಾಖ ಹುಣ್ಣಿಮೆಗೆ ಬುದ್ಧ ಪೂರ್ಣಿಮೆ. ಎರಡಕ್ಕೂ ಬಿಳಿ ಮೇಣದಬತ್ತಿ ಬೇಕು, ಜಯಂತಿಗೆ ನೀಲಿ ಬಟ್ಟೆಯೂ ಬೇಕು.

ಇಡುವ ಜಾಗದ ಬಗ್ಗೆ ಕಡ್ಡಾಯವಾಗಿ ಒಂದು ಶಿಸ್ತು ಮಾಡಿಕೊಳ್ಳಿ. ಕ್ಯಾಂಪಿನವರಿಗಾಗಿ ಒಣಮೀನು ಇಡುವುದಾದರೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಅಂಗಡಿಯ ಇನ್ನೊಂದು ತುದಿಯಲ್ಲಿ, ಬೇರೆ ತಕ್ಕಡಿಯೊಂದಿಗೆ ಇಡಿ. ಕರ್ಪೂರ ಮತ್ತು ಊದು ಚಹಾಪುಡಿ, ಸಕ್ಕರೆ ಹತ್ತಿರ ಇರಬಾರದು, ವಾಸನೆ ಹಿಡಿಯುತ್ತದೆ. ವಿಭೂತಿ ಗಟ್ಟಿ, ಕುಂಕುಮ, ದೇವರ ದಟ್ಟಿ, ಗೋಪೀಚಂದನ, ಇವು ಕಾಲು ತಾಗುವ ಎತ್ತರದಲ್ಲಿ ಬೇಡ. ಕೆಲಸದ ಹುಡುಗರಿಗೆ ಇದನ್ನು ಒಮ್ಮೆ ಕೂರಿಸಿ ಹೇಳಿದರೆ ಮತ್ತೆ ಮರೆಯುವುದಿಲ್ಲ, ಅವರ ಮನೆಯಲ್ಲೂ ಒಂದು ದೇವರ ಗೂಡು ಇರುತ್ತದಲ್ಲ.

ಹೊಸ ಗಿರಾಕಿಯ ಹಬ್ಬ

ಒಂದು ಇನ್ನೂರು ಪುಟದ ವಹಿ ಇಟ್ಟುಕೊಳ್ಳಿ, ಹಬ್ಬಕ್ಕೊಂದು ಪುಟ. ಯಾರು ಏನು ಕೇಳಿದರು, ಯಾವುದು ನಮ್ಮಲ್ಲಿ ಇರಲಿಲ್ಲ, ಎಷ್ಟು ಉಳಿಯಿತು, ಮೂರೇ ಮಾತು ಬರೆಯಿರಿ. ತಿಳಿಯದ್ದನ್ನು ಗಿರಾಕಿಯನ್ನೇ ಕೇಳಿ, ಮೂರನೆಯವರನ್ನು ಕೇಳಬೇಡಿ. ಮೂರನೆಯವರು ಹೇಳುವುದು ಹೆಚ್ಚಾಗಿ ಕೇಳಿದ ಮಾತು. "ನಿಮ್ಮ ಮನ್ಯಾಗ ಹೆಂಗ ಮಾಡ್ತೀರಿ?" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ಹೇಳುತ್ತಾರೆ. "ಯಾಕ ಹಂಗ ಮಾಡ್ತೀರಿ?" ಅನ್ನುವುದು ಕೌಂಟರ್ ಮೇಲಿನ ಪ್ರಶ್ನೆಯಲ್ಲ.

ನಮ್ಮ ಅಕ್ಕಿ ಗಿರಣಿಗಳಲ್ಲಿ ಈಗ ಬಿಹಾರದ ಕೆಲಸಗಾರರು ಇದ್ದಾರೆ. ಅವರ ದೊಡ್ಡ ಹಬ್ಬ ಛಠ್, ದೀಪಾವಳಿ ಆಗಿ ಆರನೇ ದಿನ. ವ್ರತ ಹಿಡಿದವರು ನೀರೂ ಕುಡಿಯದೆ ಉಪವಾಸವಿದ್ದು, ಮುಳುಗುವ ಸೂರ್ಯನಿಗೆ ಒಮ್ಮೆ, ಮರುದಿನ ಹುಟ್ಟುವ ಸೂರ್ಯನಿಗೆ ಒಮ್ಮೆ ನೀರಲ್ಲಿ ನಿಂತು ಅರ್ಘ್ಯ ಕೊಡುತ್ತಾರೆ. ಠೇಕುವಾ ಅನ್ನುವ ಸಿಹಿ ಮಾಡಲು ಅವರು ಹಿಟ್ಟಿನ ಪಾಕೀಟು ಕೇಳುವುದಿಲ್ಲ. ಗೋಧಿ ಒಯ್ದು ತೊಳೆದು ಒಣಗಿಸಿ ಬೀಸಿಸುತ್ತಾರೆ. ಹೊಸ ಚೀಲ ಒಡೆದು, ಕಲ್ಲು-ಕಸ ಇಲ್ಲದ ಗೋಧಿ ಕೊಡಿ. ಜೊತೆಗೆ ಬೆಲ್ಲ, ತುಪ್ಪ. ಹಣ್ಣು, ಕಬ್ಬು ಅವರು ಮಾರ್ಕೆಟ್ಟಿನಲ್ಲಿ ತಂದುಕೊಳ್ಳುತ್ತಾರೆ. ಆದರೆ ಅದೆಲ್ಲವನ್ನೂ ಇಟ್ಟು ಸೂರ್ಯನಿಗೆ ಎತ್ತಿ ತೋರಿಸಲು ಹೊಸ ಬಿದಿರಿನ ಮೊರ ಬೇಕು, ನಾವು ಜೋಳ ಕೇರುವಂಥದ್ದೇ. ಅದನ್ನು ನಮ್ಮ ಮೇದಾರರು ಹೆಣೆದುಕೊಡುತ್ತಾರೆ. ಗಿರಣಿಯವರಿಂದ ಎಷ್ಟು ಬೇಕೆಂದು ಲೆಕ್ಕ ತೆಗೆದುಕೊಂಡು, ಫೋನಿನಲ್ಲಿ ಅವರ ಊರಿನ ಮೊರದ ಫೋಟೋ ತೋರಿಸಿ, ಸೀಗಿ ಹುಣ್ಣಿಮೆಯ ವಾರದಲ್ಲೇ ಮೇದಾರರಿಗೆ ಮುಂಗಡ ಕೊಟ್ಟುಬಿಡಿ. ದೀಪಾವಳಿ ಕಳೆದ ಮೇಲೆ ಹೇಳಿದರೆ ಹೆಣೆಯಲು ಅವರಿಗೆ ಹೊತ್ತು ಸಾಲುವುದಿಲ್ಲ.